ಗಾಲಿ ಕಟ್ಟಿಕೊಂಡ ನಿಂಬೆಗಿಡ

ಇನ್ನು ಮುಂದೆ ಒಂದು ನಿಂಬೆಹಣ್ಣಿಗಾಗಿ ಪರರ ಮುಂದೆ ಕೈ ಚಾಚುವುದಿಲ್ಲ ಎಂದು ನಾನು ಘೋಷಿಸಿದ್ದು ನಮ್ಮ ನಾಲ್ಕನೇ ಮಹಡಿಯ ಹಾಲ್‌ನಲ್ಲಿ ನಿಂತು. ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ, ಅದೂ ಹೊಲಿಗೆ ಯಂತ್ರದ ಸದ್ದಿನಲ್ಲಿ ಅರ್ಧಂಬರ್ಧ. ಹಿಂದಿನ ದಿನ ಎದುರುಮನೆಯಾಕೆ ಹಣ್ಣು ಕೊಡುವಾಗ "ಮೊನ್ನೆಯದೇ ಇನ್ನೂ ವಾಪಸ್ ಬಂದಿಲ್ಲ" ಎಂದು ನಕ್ಕಿದ್ದರು. ಅಭಿಮಾನಧನನಾದ ನಾನು ಮರುದಿನವೇ ಕುಂಡವೊಂದರಲ್ಲಿ ಮೊಣಕಾಲೆತ್ತರದ ನಿಂಬೆಗಿಡ ತಂದೆ!

ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಗಂಟೆಗೆ ಬರಬೇಕು, ಎಷ್ಟಕ್ಕೆ ಹೊರಡಬೇಕು ಎನ್ನುವುದೆಲ್ಲ ನನ್ನ ಸೀಟಿಯ ತುದಿಯಲ್ಲಿದೆ. ದಿನಕ್ಕೆ ಇನ್ನೂರು ಬಸ್ಸು ಬಿಡುವವನಿಗೆ ಒಂದು ಗಿಡ ಯಾವ ಲೆಕ್ಕ! ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು ಎಂದು ಗಿಡ ಮಾರಿದವನು ಹೇಳಿದ್ದ. ನಮ್ಮ ಮನೆಗೆ ಬಿಸಿಲು ಕಂತಿನಲ್ಲಿ ಬರುತ್ತದೆ: ಬೆಳಗ್ಗೆ ಬೆಡ್‌ರೂಮಿಗೆ, ಹತ್ತರಿಂದ ಹಾಲಿಗೆ, ಮೂರರ ಮೇಲೆ ಅಡುಗೆಮನೆಗೆ. ಬಿಸಿಲು ಗಿಡದ ಹತ್ತಿರ ಬಾರದಿದ್ದರೆ ಗಿಡವೇ ಬಿಸಿಲಿನ ಹತ್ತಿರ ಹೋಗಲಿ! ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಗಾಲಿಯ ಕಬ್ಬಿಣದ ಚೌಕಟ್ಟು ಮಾಡಿಸಿ ಕುಂಡವನ್ನು ಅದರ ಮೇಲೆ ಕೂರಿಸಿದೆ. ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಅಂಟಿಸಿ, ಕೆಳಗೊಂದು ರಿಜಿಸ್ಟರ್ ನೇತುಹಾಕಿದೆ. ಹೊರಟ ಸಮಯ, ತಲುಪಿದ ಸಮಯ, ಷರಾ, ಸಹಿ.

ತೊಡಕು ಒಂದೇ. ಹಾಲಿನ ಕಿಟಕಿಯ ಹತ್ತಿರ ಹೆಂಡತಿಯ ಹೊಲಿಗೆ ಯಂತ್ರವಿತ್ತು. ಹನ್ನೆರಡು ವರ್ಷದಿಂದ ಅವಳು ಊರಿನವರ ಶರ್ಟು, ಫ್ರಾಕು ಹೊಲಿದದ್ದು ಆ ಬೆಳಕಿನಲ್ಲಿ. ಅದನ್ನು ಬಚ್ಚಲುಮನೆ ಪಕ್ಕದ ಪ್ಯಾಸೇಜಿಗೆ ತಳ್ಳಿ, ತಲೆಯ ಮೇಲೊಂದು ಟ್ಯೂಬ್‌ಲೈಟ್ ಹಾಕಿಸಿಕೊಟ್ಟೆ. ಮೂರನೆಯ ದಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯದೆ ನೀಲಿ ಶರ್ಟಿಗೆ ಕಪ್ಪು ದಾರ ಹಾಕಿ ಹೊಲಿದು, ಪೂರ್ತಿ ಬಿಚ್ಚಿ, ನನ್ನೆದುರು ಬಂದು ಕೂತಳು.

"ಅಮ್ಮ ಮುಂದಿನ ಸಲ ಬರೋಷ್ಟರಲ್ಲಿ ಈ ಗಿಡದ ಒಂದು ಹಣ್ಣು ನನ್ನ ಕೈಗೆ ಬರಬೇಕು. ಬಂದರೆ ಕಿಟಕಿ ನಿಮ್ಮ ಗಿಡದ್ದು. ಬರಲಿಲ್ಲ ಅಂದ್ರೆ ನನ್ನದು. ಆಮೇಲೆ ತಕರಾರು ತೆಗೀಬಾರದು."

ಒಪ್ಪಿದೆ. ಅವಳ ಅಮ್ಮ, ಅಂದರೆ ನಮ್ಮ ಅತ್ತೆ, ಮೂವತ್ತು ವರ್ಷ ಹಣ್ಣಿನ ಸಸಿಗಳ ನರ್ಸರಿ ನಡೆಸಿದವರು. ಅವರೆದುರೇ ಗೆದ್ದರೆ ಅದರ ಗತ್ತೇ ಬೇರೆ!

ಕೆಲಸದ ಮಧ್ಯೆ ಫೋನು ಮಾಡಿ, "ಹತ್ತು ಗಂಟೆಯದು ಹೊರಟಿತಾ?" ಎಂದು ಕೇಳುತ್ತಿದ್ದೆ. "ಹೊರಟಿತು, ಸೀಟು ಖಾಲಿ ಇತ್ತು" ಎಂದು ಹೇಳಿ ಅವಳು ಇಟ್ಟುಬಿಡುತ್ತಿದ್ದಳು. ಅಂತೂ ಗಿಡ ಹೂ ಬಿಟ್ಟಿತು. ನಾಲ್ಕನೇ ಮಹಡಿಗೆ ದುಂಬಿಗಳು ಹತ್ತಿ ಬರುವುದಿಲ್ಲವಾದ್ದರಿಂದ ದುಂಬಿಯ ಡ್ಯೂಟಿಯನ್ನೂ ನಾನೇ ವಹಿಸಿಕೊಂಡೆ. ಹೊಲಿಗೆ ಯಂತ್ರದ ಡಬ್ಬಿಯಲ್ಲಿದ್ದ ಪುಟ್ಟ ಬ್ರಷ್ ತೆಗೆದು ಹೂವಿಂದ ಹೂವಿಗೆ ಸವರುತ್ತ ಹೋದೆ. ಅದು ಯಂತ್ರಕ್ಕೆ ಎಣ್ಣೆ ಹಚ್ಚುವ ಬ್ರಷ್ ಎಂದು ತಿಳಿದದ್ದು ನಾಲ್ಕನೇ ದಿನ, ಹೂವೆಲ್ಲ ನೆಲದ ಮೇಲೆ ಬಿದ್ದಿದ್ದಾಗ. ಎಲೆಯ ಮರೆಯಲ್ಲಿ ನನ್ನ ಕೈಗೆ ಸಿಗದೆ ಉಳಿದಿದ್ದ ಒಂದೇ ಒಂದು ಹೂವು ಕಾಯಾಯಿತು!

ಆ ಕಾಯಿಯನ್ನು ನಾನು ಹೆತ್ತ ಮಗುವಿನಂತೆ ನೋಡಿಕೊಂಡೆ. ಹಸಿರು ಹೋಗಿ ಹಳದಿ ಬಂತು. ಭಾನುವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದು ಅತ್ತೆಯ ಫೋನೂ ಬಂತು. ಹತ್ತು ಗಂಟೆ ಎಂದರೆ ಗಿಡ ಬೆಡ್‌ರೂಮಿನಿಂದ ಹಾಲಿಗೆ ಹೊರಡುವ ಸಮಯ! ಅವರು ಬಾಗಿಲಲ್ಲಿ ಕಾಲಿಡುವುದಕ್ಕೂ ಹಣ್ಣು ಹೊತ್ತ ಗಿಡ ತೇಲಿಕೊಂಡು ಎದುರು ಬರುವುದಕ್ಕೂ ಸರಿಹೋಗಬೇಕು. ಕಿರುಗುಡುವ ಗಾಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಹೊಯ್ದು, ಮುಂಬಾಗಿಲು ತೆರೆದಿಟ್ಟೆ. ನೆಲ ಒರೆಸಿದ ನೀರು ಪ್ರತಿದಿನ ತಾನಾಗಿ ಮುಂಬಾಗಿಲಿನ ಕಡೆಗೇ ಹರಿಯುತ್ತದೆ ಎನ್ನುವುದನ್ನು ಮಾತ್ರ ಮರೆತೆ.

ಹತ್ತು ಹೊಡೆಯಿತು. ಎದುರಿನ ಲಿಫ್ಟ್ ತೆರೆಯಿತು. ಒಳಗೆ ಚೀಲ ಹಿಡಿದ ಅತ್ತೆ. ನಾನು ಬಾಯಲ್ಲೇ ಸೀಟಿ ಊದಿ ಗಿಡವನ್ನು ಒಂದೇ ಒಂದು ಸಲ ತಳ್ಳಿದೆ. ಅದು ಹಾಲಿನಲ್ಲಿ ನಿಲ್ಲಲಿಲ್ಲ! ಹೊಸ್ತಿಲಿಲ್ಲದ ಬಾಗಿಲು ದಾಟಿ, ಹೊರಗಿನ ಕಾರಿಡಾರ್ ದಾಟಿ, ಅತ್ತೆ ಹೊರಗೆ ಕಾಲಿಡುವ ಮೊದಲೇ ತಾನು ಲಿಫ್ಟಿನೊಳಗೆ ನುಗ್ಗಿತು. ಬಾಗಿಲು ಮುಚ್ಚಿತು. ಏಳನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದ್ದರು. ನಾನು ಮೆಟ್ಟಿಲು ಹತ್ತಿ ಓಡಿದೆ. ಆರಕ್ಕೆ ಮುಟ್ಟುವಷ್ಟರಲ್ಲಿ ಲಿಫ್ಟ್ ನನ್ನನ್ನು ದಾಟಿ ಇಳಿಯುತ್ತಿತ್ತು. ಜೀವಮಾನವಿಡೀ ಬಸ್ಸು ತಪ್ಪಿಸಿಕೊಂಡವರನ್ನು ಗದರಿದವನು, ನನ್ನ ಗಿಡವನ್ನೇ ತಪ್ಪಿಸಿಕೊಂಡು ಆರು ಮಹಡಿ ಇಳಿದೆ.

ಕೆಳಗೆ ಗೇಟಿನ ಹತ್ತಿರ, ಬಿಸಿಲಿನಲ್ಲಿ, ಕಾವಲುಗಾರನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಪಕ್ಕದಲ್ಲಿ ಗಿಡ. ಹಣ್ಣು ಅವರ ಕೈಯಲ್ಲಿ. ಲಿಫ್ಟ್ ಕುಲುಕಿದಾಗ ಕಳಚಿ ಚೀಲದೊಳಗೆ ಬಿತ್ತಂತೆ.

ಹೆಂಡತಿಯೂ ಅಷ್ಟರಲ್ಲಿ ಇಳಿದು ಬಂದಳು. ನಾನು ಏದುಸಿರಿನಲ್ಲೇ ಹಣ್ಣನ್ನು ಅವಳ ಕೈಗಿಟ್ಟು, "ಕೈಗೆ ಬಂತು. ಕಿಟಕಿ ನಂದು" ಎಂದೆ. ಅವಳ ಮುಖ ಬಾಡಿದ್ದು ನೋಡಿ, ನಿಜ ಹೇಳುತ್ತೇನೆ, ಗೆದ್ದ ಖುಷಿ ಅರ್ಧಕ್ಕರ್ಧ ಇಳಿದುಹೋಯಿತು.

ಅತ್ತೆ ಕಾವಲುಗಾರನ ಚಾಕು ತೆಗೆದುಕೊಂಡು ಹಣ್ಣನ್ನು ಎರಡು ಹೋಳು ಮಾಡಿದರು. ಹಿಂಡಿದರು. ತಿರುಗಿಸಿ ಹಿಂಡಿದರು. ಒಂದು ಬೀಜ ಬಿತ್ತು, ಅಷ್ಟೇ.

"ಅಳಿಯಂದಿರೇ, ದೇವರು ಗಿಡಕ್ಕೆ ಬೇರು ಕೊಟ್ಟಿದ್ದು ಓಡಾಡದೆ ಇರಲಿ ಅಂತ. ನೀವು ಗಾಲಿ ಕೊಟ್ರಿ. ದಿನಾ ಮೂರು ಸಲ ಮನೆ ಬದಲಾಯಿಸಿದ್ರೆ ರಸ ಎಲ್ಲಿಂದ ಬರ್ಬೇಕು? ಇದನ್ನ ಹಣ್ಣು ಅಂತಾರಾ?"

"ಅದಿರಲಿ ಅಮ್ಮ," ಎಂದಳು ಹೆಂಡತಿ. "ಬಸ್ ಸ್ಟ್ಯಾಂಡಲ್ಲಿ ಇರೋರಿಗೆ ಚಕ್ರಕ್ಕೆ ಕಲ್ಲು ಕೊಡ್ಬೇಕು ಅಂತ ಗೊತ್ತಾಗ್ಲಿಲ್ವಲ್ಲ."

ಗಿಡ ಗೇಟಿನ ಬಳಿಯೇ ಉಳಿಯಿತು, ಕಿಟಕಿ ಹೆಂಡತಿಗೆ ವಾಪಸಾಯಿತು. ವರ್ಷದೊಳಗೆ ಕಾವಲುಗಾರ ಬುಟ್ಟಿ ತುಂಬ ಹಣ್ಣು ತಂದುಕೊಟ್ಟ. ಏನು ಆರೈಕೆ ಮಾಡಿದೆ ಎಂದು ಕೇಳಿದರೆ, "ಏನಿಲ್ಲ ಸರ್, ಅದು ಅಲ್ಲಿರೋದೇ ಮರೆತುಹೋಗಿತ್ತು" ಎಂದ. ಎದುರುಮನೆಯಾಕೆಯ ಎರಡು ಹಣ್ಣನ್ನು ತಲೆ ತಗ್ಗಿಸಿಕೊಂಡು ವಾಪಸ್ ಮಾಡಿ ಬಂದೆ.

ಗಾಲಿಯ ಚೌಕಟ್ಟು ವ್ಯರ್ಥವಾಯಿತೆಂದು ಮರುಗಬೇಡಿ. ಅದರ ಮೇಲೆ ಹೊಲಿಗೆ ಯಂತ್ರ ಹೇಳಿ ಮಾಡಿಸಿದಂತೆ ಕೂತಿತು, ನಾಲ್ಕು ಕಲ್ಲುಗಳ ಸಮೇತ. ಮನೆಯಲ್ಲಿ ಬಿಸಿಲು ಮೂರು ಕಡೆ ಬರುತ್ತದೆ ಎಂದು ಕಂಡುಹಿಡಿದವರು ನೀವೇ ಅಲ್ಲವೇ, ಒಂದೇ ಕಿಟಕಿಗೆ ನಾನೇಕೆ ಅಂಟಿಕೊಂಡಿರಲಿ ಎಂದಳು ಹೆಂಡತಿ. ಫ್ರಿಜ್ಜಿನ ಮೇಲಿನ ವೇಳಾಪಟ್ಟಿ ಹಾಗೆಯೇ ಇದೆ, 'ಗಿಡ' ಎಂದಿದ್ದಲ್ಲಿ 'ಯಂತ್ರ' ಎಂದಾಗಿದೆ. ರಜೆಯ ದಿನ ತಳ್ಳುವ ಡ್ಯೂಟಿ ನನ್ನದು. ಕಳೆದ ಭಾನುವಾರದ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಅವಳ ಷರಾ ಹೀಗಿದೆ: "ಹತ್ತು ಗಂಟೆಯದು ಇಪ್ಪತ್ತು ನಿಮಿಷ ತಡ. ಕಾರಣ: ಕಂಟ್ರೋಲರ್ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು."