ಒಂಟಿ ಸ್ಪೀಕರಿನ ಜುಗಲಬಂದಿ

ಮೋಸ ಹೋಗುವುದಕ್ಕೂ ಸ್ವಲ್ಪ ಓದು ಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ. ಓದಿದವನು ಕಾಗದದಲ್ಲಿ ಬರೆದದ್ದನ್ನು ನೋಡಿ ಸಾಮಾನು ಕೊಳ್ಳುತ್ತಾನೆ, ಮನೆಗೆ ತಂದು ತಲೆಯ ಮೇಲೆ ಕೈ ಹೊತ್ತು ಕೂಡುತ್ತಾನೆ. ನಾನಾದರೋ ನಾಲ್ಕನೆಯ ಇಯತ್ತೆಗೇ ಪಾಟಿಚೀಲ ಗೂಟಕ್ಕೆ ಹಾಕಿ ಎತ್ತಿನ ವ್ಯಾಪಾರಕ್ಕೆ ಇಳಿದವನು. ಸಿಂದಗಿಯ ದನದ ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತೇನೆ, ನಡಿಗೆ ನೋಡಿ ಅದು ನೊಗದ ಎಡಗಡೆಗೆ ಹೊಂದುತ್ತದೋ ಬಲಗಡೆಗೋ ಎಂಬುದನ್ನೂ ಹೇಳುತ್ತೇನೆ. ಹೊರ್ತಿ, ಮೋರಟಗಿ, ಅತ್ತ ಮುದ್ದೇಬಿಹಾಳದವರೆಗೆ ನನ್ನ ಒಂದು ಮಾತಿನ ಮೇಲೆ ಜೋಡಿ ಕೊಂಡವರಿದ್ದಾರೆ. ಇಂಥ ನನಗೆ ಎರಡು ಕಟ್ಟಿಗೆಯ ಪೆಟ್ಟಿಗೆಗಳು ಕೊಟ್ಟ ಪೆಟ್ಟಿನಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ.

ಸಂಗೀತದ ಹುಚ್ಚು ನನಗೆ ಹತ್ತಿದ್ದು ದನದ ಮನೆಯಲ್ಲಿ. ನಸುಕಿನಲ್ಲಿ ಮೇವು ಹಾಕುವಾಗ ರೇಡಿಯೋ ಹಚ್ಚಿಡುತ್ತಿದ್ದೆ. ಎರಡೂ ಎತ್ತುಗಳು ಮೇವನ್ನು, ನಾನು ರಾಗವನ್ನು ಮೆಲುಕು ಹಾಕುತ್ತಿದ್ದೆವು. ರಾಗದ ಹೆಸರು ತಿಳಿಯದಿದ್ದರೂ ತಲೆದೂಗುವುದರಲ್ಲಿ ಮೂವರೂ ಒಂದೇ ತೂಕದವರು. ಕಡೆಗೆ, ಹೀಗೆ ಕೇಳಿದರೆ ಸಾಲದು ಎನಿಸಿ ರೆಕಾರ್ಡು ಹಾಕುವ ಯಂತ್ರ ತರಲು ಬಿಜಾಪುರಕ್ಕೆ ಹೋದೆ.

ಅಂಗಡಿಯವನು ಯಂತ್ರದ ಆಚೆ ಈಚೆ ಎರಡು ಸ್ಪೀಕರಿನ ಪೆಟ್ಟಿಗೆ ಇಟ್ಟು ಒಂದು ಹಾಡಿಕೆ ಹಚ್ಚಿದ. ನಾನು ಬಗ್ಗಿ ಒಂದೊಂದಕ್ಕೂ ಕಿವಿ ಹಚ್ಚಿದೆ. ಬಲಗಡೆಯದು ಎದೆ ತುಂಬಿ ಹಾಡುತ್ತಿತ್ತು. ಎಡಗಡೆಯದು ಸುಮ್ಮನೆ ತಂಬೂರಿ ಹಿಡಿದುಕೊಂಡು ಗುಂಯ್ ಎನ್ನುತ್ತಿತ್ತು. ನನಗೆ ಎಲ್ಲಾ ತಿಳಿದುಹೋಯಿತು. ಒಂದು ಎಳೆಯುತ್ತದೆ, ಇನ್ನೊಂದು ಎಳೆದಂತೆ ಮಾಡಿ ಜೊತೆಗೆ ನಡೆಯುತ್ತದೆ. ಇಂಥ ಕಳ್ಳ ಎತ್ತುಗಳನ್ನು ನಾನು ಎಷ್ಟು ಕಂಡಿಲ್ಲ!

"ಇದೊಂದs ಸಾಕು," ಎಂದು ಬಲಗಡೆಯದನ್ನು ತಟ್ಟಿದೆ.

"ಯಜಮಾನ್ರ, ಇವು ಜೋಡೀರಿ. ಒಂದು ಎಡಕ್ಕ, ಒಂದು ಬಲಕ್ಕ."

"ಗಟ್ಟಿ ಎತ್ತಿನ ಜೋಡಿ ಮುದಿ ಎತ್ತು ಗಂಟು ಹಾಕಿ ಮಾರೂದು ನನಗ ಕಲಸ್ತೀಯೇನಪಾ?" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೈ ಮೇಲೆ ಹಾಸಿದೆ. ನಮ್ಮ ಸಂತೆಯಲ್ಲಿ ದರ ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ನಾನು ಬೆರಳು ಹಿಡಿದದ್ದೇ ಅವನು ಹೌಹಾರಿ ಕೈ ಕಿತ್ತುಕೊಂಡ. ಯಂತ್ರ, ರೆಕಾರ್ಡುಗಳ ಜೊತೆಗೆ ಒಂಟಿ ಪೆಟ್ಟಿಗೆಯನ್ನು ಅವಸರದಿಂದ ಕಟ್ಟಿಕೊಟ್ಟ. ಸೋತ ಎಂದು ತಿಳಿದೆ.

ಮನೆಯಲ್ಲಿ ಯಂತ್ರದ ಹಿಂದೆ ಎರಡು ತೂತು ಕಂಡವು. ಒಂದಕ್ಕೆ ವಾಯರು ಸಿಕ್ಕಿಸಿದೆ. ಇನ್ನೊಂದರಲ್ಲಿ ಜಿರಲೆ ಹೊಕ್ಕಾವು ಎಂದು ಅರಳೆ ತುರುಕಿದೆ.

ಸೋಮವಾರ ನಾವು ಎತ್ತು ಹೂಡುವುದಿಲ್ಲ. ಆದ್ದರಿಂದ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಸಂಗೀತ ಸುರುವಾಯಿತು. ಎಲ್ಲರಿಗೂ ಬೇಕಾದದ್ದು ಒಂದೇ ರೆಕಾರ್ಡು: ಸಿತಾರ, ಶಹನಾಯಿಗಳ ಜುಗಲಬಂದಿ. ಶಹನಾಯಿಯವರು ಒಂದು ಪ್ರಶ್ನೆ ಹಾಕಿದಂತೆ ನುಡಿಸಿ ನಿಲ್ಲುವರು. ಸಿತಾರದವರು ಉತ್ತರಿಸುವುದಿಲ್ಲ. ತಬಲಾ ಮೆಲ್ಲಗೆ ನಡೆದಿರುತ್ತದೆ. ಮೂರು ಹೊಲದಾಚೆ ಯಾರೋ ತಂತಿ ಮುಟ್ಟಿದಂತೆ ಒಮ್ಮೊಮ್ಮೆ ಕೇಳುತ್ತದೆ, ಅಷ್ಟೆ. ಮೊದಲ ದಿನ ನನಗೂ ಗಾಬರಿಯಾಯಿತು. ಆದರೆ ತಿಳಿಯಲಿಲ್ಲ ಎನ್ನುವ ರೂಢಿ ನನಗಿಲ್ಲ. "ಇದು ಮೌನದ ಉತ್ತರ," ಎಂದೆ. "ದೊಡ್ಡವರು ಹಿಂಗs. ತಂತಿ ಮುಟ್ಟಂಗಿಲ್ಲ, ಮನಸ್ಸಿನ್ಯಾಗ ಬಾರಸ್ತಾರ."

ಸಾಲಿಯ ಕಲ್ಲಪ್ಪ ಮಾಸ್ತರರು ಈ ಮಾತಿಗೆ ಕರಗಿಹೋದರು. ಮುಂದಿನ ಸೋಮವಾರ ಆ ಮೌನ ಬಂದಾಗ ಅವರ ಕಣ್ಣಿಂದ ನೀರು ಇಳಿಯಿತು. "ಸಾವಕಾರ್ರ, ನೀವು ಸಾಲಿ ಬಿಟ್ಟದ್ದು ಚಲೋ ಆತ್ರಿ. ಕಲಿತಿದ್ರ ಇದು ತಿಳೀತಿದ್ದಿಲ್ಲ," ಎಂದರು. ಅಂದಿನಿಂದ ನಾನು ಸಂತೆಯಲ್ಲಿಯೂ ಸ್ವಲ್ಪ ಮೌನದಿಂದ ಇರತೊಡಗಿದೆ.

ಆಗ ಬಸವನ ಬಾಗೇವಾಡಿಯಿಂದ ಮಗಳ ಗಂಡ, ನಮ್ಮ ಅಳಿಯಂದಿರು ಬಂದರು. ಅವರೂ ಸಂಗೀತದವರು, ಮನೆಯಲ್ಲಿ ಇಂಥದೇ ಯಂತ್ರ. ಎಲ್ಲರೂ ಕಣ್ಣು ಮುಚ್ಚಿ ಮೌನ ಕೇಳುತ್ತಿರುವಾಗ ಅವರು ಮೆಲ್ಲಗೆ, "ಮಾವಾರ, ಇನ್ನೊಂದು ಎಲ್ಲೈತ್ರಿ?" ಎಂದರು.

"ಇನ್ನೊಂದು ಏನು?"

ಅಳಿಯಂದಿರು ಎದ್ದರು. ಯಂತ್ರದ ಹಿಂದೆ ಹೋಗಿ ಅರಳೆ ಕಿತ್ತು, ವಾಯರನ್ನು ಆ ತೂತಿಗೆ ಸಿಕ್ಕಿಸಿದರು. ಶಹನಾಯಿ ಗಪ್ಪಾಯಿತು. ಸಿತಾರ ಧೋ ಎಂದು ಸುರಿಯತೊಡಗಿತು. ಇಷ್ಟು ದಿನ ಮೌನವಿದ್ದ ಜಾಗದಲ್ಲೆಲ್ಲ ಉತ್ತರಗಳಿದ್ದವು, ಒಂದಕ್ಕಿಂತ ಒಂದು ಮಿಗಿಲು. ಬೇರೆಯವರಾಗಿದ್ದರೆ ಬಾಯಿ ಮಾಡಿ ಗೆಲ್ಲುತ್ತಿದ್ದೆ. ಅಳಿಯನ ಮುಂದೆ ಏನು ಮಾಡಲಿ?

ಮಾಸ್ತರರು ಕೇಳಿದರು: "ಹಂಗಾದ್ರ ಸಾವಕಾರ್ರ, ನಾ ಅತ್ತದ್ದು ಯಾತಕ್ಕ್ರಿ?"

ಮರುದಿನವೇ ಬಿಜಾಪುರದ ಬಸ್ಸು ಹಿಡಿದೆ. ಅಂಗಡಿಯವನು ನನ್ನನ್ನು ಕಂಡೊಡನೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. "ಆ ಕಳ್ಳ ಎತ್ತು ಎಲ್ಲೈತಿ? ಕೊಡು," ಎಂದೆ.

"ಅದು ಹೋತ್ರಿ. ಇಂಡಿ ಕಡೆಯ ಜ್ವಾಳದ ವ್ಯಾಪಾರಿ ಒಬ್ರು ಬಂದಿದ್ರು. ಅದರ ಜೋಡಿ ಹೋಗೇತ್ರಿ, ಬ್ಯಾರೆ ಜೋಡಿ ತರಸ್ತೇನಿ ಅಂದೆ. 'ಎರಡೆರಡು ಇಡಾಕ ನಮ್ಮ ಮನ್ಯಾಗ ಏನು ಮದವಿ ಐತೇನು' ಅಂದು ಯಂತ್ರದ ಎಡಗಡೆ ತೂತಿಗೆ ಅದೊಂದನ್ನs ಹಚ್ಚಿಸಿಕೊಂಡು ಎತಗೊಂಡು ಹೋದ್ರು. ನೀವು ಒಯ್ದಿದ್ದಂಥದs ಜುಗಲಬಂದೀ ರೆಕಾರ್ಡೂ ಒಯ್ದಾರ್ರಿ."

ನಾನು ಅಲ್ಲಿಯೇ ಸ್ಟೂಲು ಎಳೆದುಕೊಂಡು ಕುಳಿತು ಲೆಕ್ಕ ಹಾಕಿದೆ. ಅಂದರೆ ಇಂಡಿಯಲ್ಲಿ ಯಾವನೋ ಒಬ್ಬ ಪುಣ್ಯಾತ್ಮ ನೆರೆಹೊರೆಯವರನ್ನು ಕೂಡಿಸಿಕೊಂಡು, ಉತ್ತರಗಳನ್ನಷ್ಟೇ ಕೇಳುತ್ತ, ಶಹನಾಯಿಯವರ ಮೌನವನ್ನು ಹೊಗಳುತ್ತಿದ್ದಾನೆ. ಹೊಸ ಜೋಡಿ ತರಿಸಲೇ ಎಂದ ಅಂಗಡಿಯವನಿಗೆ, ವಿಚಾರ ಮಾಡುತ್ತೇನೆ ಎಂದೆ. ಹೊಸ ಜೋಡಿ ಮನೆಗೆ ಬಂದರೆ ಮಾಸ್ತರರು ಇನ್ನು ಅಳುವುದೆಲ್ಲಿ?

ಇಂಡಿಗೆ ಹೋಗಿ ಆತನಿಗೆ ಹೇಳಿಬರಲೇ ಎಂದು ಮನೆಯವಳನ್ನು ಕೇಳಿದೆ. "ಬ್ಯಾಡ್ರಿ," ಎಂದಳು. "ಅಲ್ಲಿ ಯಾವ ಮಾಸ್ತರು ಅಳಾಕತ್ತಾರೋ ಏನೋ."

ಸೋಮವಾರ ಬಂತು. ಮಾಸ್ತರರೂ ಬಂದರು. ವಾಯರು ಮತ್ತೆ ಹಳೆಯ ತೂತಿಗೇ ಹೋಗಿತ್ತು. ಶಹನಾಯಿ ಪ್ರಶ್ನೆ ಹಾಕಿ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಮನೆಯವಳು ಬಂದು ಒಂದು ಕಿಟಕಿಯ ಬಾಗಿಲು ತೆರೆದಳು.

"ಇಂಡಿ ಕಡೀದು ತಗದೇನ್ರಿ. ಈಗ ಉತ್ತರ ಕೇಳ್ರಿ."

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಕಡೆಗೆ ಕಿವಿಗೊಟ್ಟೆ.