ಅಮೃತಹಸ್ತಕ್ಕೆ ಕಾದು ಕುಳಿತ ನಾನೂರು ಪರದೆಗಳು

...ಕ್ಷಮಿಸಬೇಕು, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹಿಂದಿನ ಎರಡು ಸಲವೂ ತಮ್ಮ ಬಿರುದುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟಿ, ಬೆರಳು ಜಾರಿ, ವಾಯ್ಸ್ ಮೆಸೇಜು ಅರ್ಧಕ್ಕೇ ಹೋಗಿಬಿಟ್ಟಿತು. ಈ ಸಲ ಚಿಕ್ಕದಾಗಿ: ಮಾನ್ಯರೇ, ಅರವತ್ತು ಬಸ್ಸುಗಳ ಒಡೆಯರೇ, ಮೂರು ಸಂಘಗಳ ಅಧ್ಯಕ್ಷರೇ, ನಮ್ಮ ಮಲೇರಿಯಾ ತಡೆ ಅಭಿಯಾನದ ಗೌರವ ಪೋಷಕರೇ, ನಮಸ್ಕಾರ.

ನಾನು ಆರೋಗ್ಯ ಕಚೇರಿಯ ನೌಕರ. ಇಪ್ಪತ್ತಾರು ವರ್ಷಗಳಿಂದ ಜನರ ನೀರಿನ ತೊಟ್ಟಿಗಳಿಗೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕುವುದೇ ನನ್ನ ಉದ್ಯೋಗವಾದ್ದರಿಂದ ಬಡಾವಣೆಯವರು ನನ್ನನ್ನು ಸೊಳ್ಳೆ ಮಾಮ ಎನ್ನುತ್ತಾರೆ. ತಮಗೆ ಬರೆದ ಐದು ಮನವಿಗಳಿಗೂ ತಮ್ಮ ಆಪ್ತ ಸಹಾಯಕರು "ಇಷ್ಟುದ್ದ ಯಾರು ಓದ್ತಾರೆ ಸರ್, ವಾಯ್ಸ್ ಕಳ್ಸಿ, ಕಾರಲ್ಲಿ ಕೇಳಿಸ್ತೀನಿ" ಎಂದು ಅಪ್ಪಣೆ ಕೊಡಿಸಿದ್ದರಿಂದ ಈ ಪತ್ರವನ್ನು ಬಾಯಲ್ಲೇ ಬರೆಯುತ್ತಿದ್ದೇನೆ. ಬಹಿರಂಗ ಪತ್ರವಾದ ಕಾರಣ ಬಡಾವಣೆಯ ಗ್ರೂಪಿಗೂ ಹಾಕುತ್ತೇನೆ. ತಮ್ಮ ಕಾರಿನಲ್ಲಿ ಗದ್ದಲವಿದ್ದರೆ ಅವರಾದರೂ ಕೇಳಲಿ.

ಮೊದಲಿಗೆ ತಮ್ಮ ಬೆಂಬಲಕ್ಕೆ ಕೃತಜ್ಞತೆ. "ನಾವು ಬಾಯಿ ಬಡ್ಕೊಂಡ್ರೆ ಯಾರೂ ಕೇಳಲ್ಲ, ದೊಡ್ಡವರೊಬ್ಬರು ಹೇಳಿದ್ರೆ ಕೇಳ್ತಾರೆ" ಎಂದು ಕಚೇರಿಯ ಸಭೆಯಲ್ಲಿ ಎದ್ದು ನಿಂತು ಹೇಳಿದ ಪುಣ್ಯಾತ್ಮ ನಾನೇ. ಒಂಬತ್ತು ಸಲ ತಮ್ಮ ಬಾಗಿಲಿಗೆ ಬಂದೆ, ಹತ್ತನೆಯ ಸಲ ತಾವು ಒಪ್ಪಿದಿರಿ, ಒಪ್ಪಿದ ವಾರದಲ್ಲೇ ಅರವತ್ತು ಬಸ್ಸುಗಳ ಬೆನ್ನಿನ ಮೇಲೆ ತಮ್ಮ ಮುಖ ಮೂಡಿತು. ಪಕ್ಕದಲ್ಲೊಂದು ಸೊಳ್ಳೆಯ ಚಿತ್ರವೂ ಇತ್ತು. ಎರಡನೆಯ ಸಲ ಅಚ್ಚು ಹಾಕಿಸುವಾಗ ತಮ್ಮ ಎಡಗಿವಿಗೆ ಜಾಗ ಸಾಲದೆ ಅದನ್ನು ತೆಗೆಸಿದಿರಂತೆ. ಈಗ ತಮ್ಮ ಮುಖ, ಅದರ ಕೆಳಗೆ 'ಎಲ್ಲರೂ ಸೇರಿ ತಡೆಯೋಣ' ಎಂಬ ದಪ್ಪಕ್ಷರ, ಇಷ್ಟೇ ಉಳಿದಿದೆ. ತರಕಾರಿ ಮಾರುವಾಕೆ ನಿನ್ನೆ ನನ್ನನ್ನು ನಿಲ್ಲಿಸಿ, "ಸೊಳ್ಳೆ ಮಾಮಾ, ಇವರನ್ನ ಯಾಕೆ ತಡೀಬೇಕು? ಏನು ಮಾಡಿದ್ರು ಪಾಪ?" ಎಂದು ಕೇಳಿದಳು. ಏನೂ ಮಾಡಿಲ್ಲಮ್ಮ ಎಂದೆ. ಸತ್ಯವನ್ನೇ ಹೇಳಿದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕಚೇರಿಯಲ್ಲಿ ನನ್ನ ಭಾಷೆ ಚೆನ್ನಾಗಿದೆಯೆಂದು ಆಹ್ವಾನ ಪತ್ರಿಕೆ ಬರೆಯುವ ಕೆಲಸ ನನಗೇ ಬಿತ್ತು. 'ಔಷಧಿ ಲೇಪಿತ ಸೊಳ್ಳೆ ಪರದೆಗಳ ವಿತರಣೆ: ಗೌರವ ಪೋಷಕರ ಅಮೃತಹಸ್ತದಿಂದ' ಎಂದು ಬರೆದೆ. ಎಲ್ಲ ಪತ್ರಿಕೆಯಲ್ಲೂ ಬರೆಯುವ ಮಾತು, ಯಾರೂ ಅದನ್ನು ಓದುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಉಗ್ರಾಣದ ಗುಮಾಸ್ತರು ಓದಿದರು. ಅವರು ಅಚ್ಚಾದ ಅಕ್ಷರಕ್ಕೆ ತಲೆಬಾಗುವ ಜಾತಿ. "ಅಮೃತಹಸ್ತ ಅಂತ ಅಚ್ಚಾಗಿದೆ. ಆ ಕೈ ಬರೋವರೆಗೂ ಈ ಕೈ ಬೀಗ ತೆಗೆಯಲ್ಲ ಕಣಯ್ಯಾ" ಎಂದುಬಿಟ್ಟರು.

ಆ ಕೈ ಬರಲಿಲ್ಲ. ಮೊದಲನೆಯ ದಿನಾಂಕಕ್ಕೆ ತಮಗೆ ಒಳ್ಳೆಯ ಫೋಟೋದವರು ಸಿಗಲಿಲ್ಲ, ಎರಡನೆಯದಕ್ಕೆ ತಮ್ಮ ಹೊಸ ಕನ್ನಡಕ ಸಿದ್ಧವಾಗಿರಲಿಲ್ಲ, ಮೂರನೆಯ ದಿನ ಕಾರು ಹತ್ತಿದವರು ಪರದೆ ಹಂಚಬೇಕಾದ ಗಲ್ಲಿಯಲ್ಲಿ ಸೊಳ್ಳೆ ಜಾಸ್ತಿಯೆಂದು ಯಾರೋ ಹೇಳಿದ್ದರಿಂದ ಇಳಿದು ಒಳಗೆ ಹೋದಿರಿ. ಹಸ್ತ ಕೊಡುತ್ತೇನೆಂದು ಇಷ್ಟು ಗೌರವದಿಂದ ಕೈಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಗಲ್ಲಿ ತಮ್ಮ ಬಂಗಲೆಯ ಹಿಂದಿನದು. ಈ ತಿಂಗಳು ಅಲ್ಲಿ ಹನ್ನೊಂದು ಮನೆಗಳಲ್ಲಿ ಚಳಿಜ್ವರ. ಹನ್ನೆರಡನೆಯ ಮನೆಯಲ್ಲಿ ನನ್ನ ಮಗಳಿದ್ದಾಳೆ, ಏಳು ತಿಂಗಳ ಬಸುರಿ. ಈ ಜ್ವರ ಬಸುರಿಯರನ್ನು ಏನು ಮಾಡುತ್ತದೆಂದು ಇಪ್ಪತ್ತಾರು ವರ್ಷ ಮನೆಮನೆಗೆ ಹೇಳಿದವನು ನಾನು. ಅಂಗಡಿಯಿಂದ ಒಂದು ಸಾದಾ ಪರದೆ ತಂದುಕೊಟ್ಟೆ. ಅವಳು ಅದನ್ನು ಪಕ್ಕದ ಮನೆಯ ಜ್ವರದ ಕೂಸಿಗೆ ಕಟ್ಟಿ ಬಂದು, "ನಿನ್ ಹತ್ರ ನಾನೂರಿದೆಯಲ್ಲಪ್ಪಾ, ನನಗೆ ಅದರಲ್ಲೊಂದು ತಾ" ಎನ್ನುತ್ತಾಳೆ. ನಾನೂರಿದೆ, ಉಗ್ರಾಣದ ಕಿಟಕಿಯಿಂದ ಕಾಣುತ್ತದೆ, ಎಂದು ಅವಳಿಗೆ ಹೇಗೆ ಹೇಳಲಿ?

ತಮ್ಮ ಬಂಗಲೆಯ ಕಾರಂಜಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತನೆಯ ಸಲ ಬಂದಾಗ, ತಾವು ಬರುವವರೆಗೆ ಎರಡು ಗಂಟೆ ಅದರ ಪಕ್ಕದಲ್ಲೇ ಕುಳಿತಿದ್ದೆ. ಮಲೇರಿಯಾ ಸೊಳ್ಳೆಯ ಮರಿ ಬೇರೆ ಮರಿಗಳ ಹಾಗೆ ತಲೆಕೆಳಗಾಗಿ ನೇತಾಡುವುದಿಲ್ಲ, ತಿಳಿನೀರಿನ ಮೇಲೆ ದೊಡ್ಡವರ ಹಾಗೆ ಆರಾಮಾಗಿ ಅಡ್ಡಡ್ಡ ಮಲಗಿರುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ಮಲಗಿದ್ದವು. ತಮ್ಮ ಬೆಂಬಲ ತಪ್ಪಿಹೋದೀತೆಂದು ಬಾಯಿ ಮುಚ್ಚಿಕೊಂಡೆ. ತಾವು ಯಾರಿಗೆ ಗೌರವ ಪೋಷಕರೆಂದು ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಆದ್ದರಿಂದ ವಿನಂತಿ: ಪೂರ್ತಿ ತಾವು ಬರಲಾಗದಿದ್ದರೆ ಕೈಯನ್ನಷ್ಟೇ ಕಳಿಸಿಕೊಡಿ, ಫೋಟೋ ಮುಗಿದ ತಕ್ಷಣ ಒರೆಸಿ ವಾಪಸು ಮಾಡುತ್ತೇವೆ. ಅದೂ ಆಗದಿದ್ದರೆ, ತಮ್ಮ ನೀರಿನಲ್ಲೇ ಹುಟ್ಟಿ ಬೆಳೆದ ಸೊಳ್ಳೆಗಳಿಗೆ ತಮ್ಮ ಕನ್ನಡಕ ಬರುವವರೆಗೆ ಉಪವಾಸವಿರಲು ಒಂದು ಮಾತು ಹೇಳಿ. ದೊಡ್ಡವರು ಹೇಳಿದರೆ ಕೇಳುತ್ತವೆ.

ಇಷ್ಟು ಹೇಳಿ ಮುಗಿಸುವವನಿದ್ದೆ. ಆದರೆ ಇವತ್ತು ಬೆಳಗ್ಗೆ ಗುಮಾಸ್ತರು ತಡವಾಗಿ ಬಂದರು. ಅವರ ಹೆಂಡತಿಗೆ ರಾತ್ರಿಯಿಂದ ಗಡಗಡ ನಡುಕವಂತೆ. ನನ್ನ ಮೇಜಿನ ಮುಂದೆ ನಿಂತು, "ನಾನು ಟೀ ಕುಡಿದು ಬರ್ತೀನಿ. ಬೀಗದ ಕೈ ಎಲ್ಲಿಟ್ಟೆ ಅಂತ ಮರೆತೋಗಿದೆ. ನಿನ್ನ ಮೇಜಿನ ಮೇಲಂತೂ ಇಟ್ಟಿಲ್ಲ" ಎಂದು ಹೇಳಿ, ಇಟ್ಟು ಹೋದರು.

ಇಂತಿ, ಇನ್ನು ಮುಂದೆ ತಮ್ಮ ಬಾಗಿಲಿಗೆ ಬಾರದ,
ತಮ್ಮ ವಿಶ್ವಾಸಿ,
ಸೊಳ್ಳೆ ಮಾಮ

ತಾ.ಕ.: ಆಹ್ವಾನ ಪತ್ರಿಕೆಯಲ್ಲಿ ಒಂದು ತಿದ್ದುಪಡಿ. ಪರದೆಗಳ ವಿತರಣೆಗೆ ಬೇಕಾಗಿದ್ದುದು ಒಂದು ಕೈ ನಿಜ, ಆದರೆ ಅದು ತಮ್ಮದಲ್ಲ, ಬೀಗದ್ದು. ಮೊದಲನೆಯ ಪರದೆ ಗುಮಾಸ್ತರ ಮನೆಗೆ, ಎರಡನೆಯದು ನನ್ನ ಮಗಳಿಗೆ. ಕೊನೆಯಲ್ಲಿ ಒಂದು ಉಳಿದರೆ ತಮ್ಮ ಕಾರಂಜಿಗೆ ಹೊದಿಸಲು ತರುತ್ತೇನೆ. ಆಗ ಬೇಕಾದರೆ ಫೋಟೋದವರನ್ನು ಕರೆಸಿ...

"ಏನಯ್ಯಾ, ಇನ್ನೂ ಮುಗೀಲಿಲ್ವಾ ನಿನ್ನ ಪತ್ರ? ಗಾಡಿ ಬಂದಿದೆ, ಕಟ್ಟು ಎತ್ತೋಕೆ ಒಂದು ಕೈ ಹಾಕು ಬಾ!"

ಗುಮಾಸ್ತರು ಕರೆಯುತ್ತಿದ್ದಾರೆ. ಬಂದೆ, ಬಂದೆ. ಇಡುತ್ತೇನೆ.