ಸಬ್ಬಸಿಗೆ ಪೆಟ್ಟಿಗೆಯವರಿಗೆ ಹೊಗೆಸೊಪ್ಪಿನ ಕಂಠಪ್ಪ ಬರೆದುಕೊಳ್ಳುವುದು

ಕಿಟಕಿಯಲ್ಲೇ ಬೆಳೆ ತೆಗೆಯುವ ವಿದ್ಯೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಮನೆಗೆ ಕಳಿಸುತ್ತಿರುವ 'ಎಳೆಹಸಿರು' ಸಂಸ್ಥೆಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರ ಕಂಠಪ್ಪನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬುದನ್ನು ಪೆಟ್ಟಿಗೆಯ ಮೇಲೆ ಕತ್ತರಿ ಹಿಡಿದು ನಗುತ್ತಿರುವ ಹೆಣ್ಣುಮಗಳನ್ನು ನೋಡಿಯೇ ತಿಳಿದುಕೊಂಡೆ. ನಮ್ಮ ಮನೆಯ ಕ್ಷೇಮದ ವಿಚಾರ ಮುಂದೆ ಬರುತ್ತದೆ. ಊರಿಗೆಲ್ಲ ಗೊತ್ತಾಗಿರುವ ಸಂಗತಿಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವಾದ್ದರಿಂದ ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ನನ್ನ ಕೈಬರಹ ನನಗೇ ಓದಲು ಬಾರದ ಕಾರಣ, ಮೂವತ್ತು ವರ್ಷದಿಂದ ನಾನು ಗೀಚಿಟ್ಟದ್ದನ್ನು ನನ್ನ ಪತ್ನಿ ನೀಲಾಂಬಿಕೆ ದುಂಡಗೆ ನಕಲು ಮಾಡಿ ಅಂಚೆಗೆ ಹಾಕುತ್ತಾಳೆ. ಈಗ ಮಾತು ಬಿಟ್ಟಿದ್ದರೂ ಆ ಪದ್ಧತಿಯನ್ನು ಬಿಟ್ಟಿಲ್ಲವೆಂಬುದೇ ನನಗಿರುವ ಧೈರ್ಯ.

ಆಕೆಗೆ ಟೈಫಾಯಿಡ್ ಬಂದು ಹೋಗಿ ಒಂದೂವರೆ ತಿಂಗಳಾಯಿತು. ಜ್ವರ ಹೋಗುವಾಗ ಬಾಯಿರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎರಡು ಗುಟುಕು ಗಂಜಿ ಕುಡಿದು ಲೋಟ ಪಕ್ಕಕ್ಕಿಡುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೆ.ಆರ್. ನಗರಕ್ಕೆ ಕೊಟ್ಟಿರುವ ಮಗಳು ಚೈತ್ರ, ಅಮ್ಮನಿಗೆ ಸಬ್ಬಸಿಗೆ ವಾಸನೆಯೆಂದರೆ ಪ್ರಾಣವೆಂದು ತಮ್ಮ ಪೆಟ್ಟಿಗೆ ತರಿಸಿಕೊಟ್ಟಳು.

ಮಾನ್ಯರೇ, ತಮ್ಮ ಸಾಧನೆಯನ್ನು ಎಷ್ಟು ಹೊಗಳಿದರೂ ಸಾಲದು. ಮಳೆ ಬೇಡ, ಗೊಬ್ಬರ ಬೇಡ, ಉಳುವುದು ಬೇಡ. ಅಂಗೈಯಗಲದ ತಟ್ಟೆಗೆ ತೆಂಗಿನ ನಾರಿನ ಪುಡಿ ಹಾಕಿ, ಬೀಜ ಚೆಲ್ಲಿ, ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಕಿಟಕಿಗೆ ತಂದರೆ ಮುಗಿಯಿತು. ಎರಡೆಲೆ ಬಿಡುವಷ್ಟರಲ್ಲಿ ಕಟಾವು. ಎರಡೆಲೆಗೇ ಬೆಳೆ ಮುಗಿದರೆ ನಮ್ಮ ಕಡೆ ಹೊಲಕ್ಕೆ ಮೇಕೆ ನುಗ್ಗಿತೆನ್ನುತ್ತೇವೆ, ತಾವು ಅದನ್ನೇ ಸುಗ್ಗಿಯೆನ್ನುತ್ತೀರಿ.

ನೀಲಾಂಬಿಕೆ ದಿನಕ್ಕೆ ನಾಲ್ಕು ಸಲ ಎದ್ದು ಹೋಗಿ ಆ ತಟ್ಟೆಗೆ ನೀರು ಚಿಮುಕಿಸಿದಳು, ಬಗ್ಗಿ ಮೂಸಿದಳು. ಹದಿಮೂರನೆಯ ದಿನ ಸಂಜೆ ತಾನಾಗಿಯೇ ಹೇಳಿದಳು: "ನಾಳೆ ಇದ್ನ ಕುಯ್ದು ಉಪ್ಸಾರ್‌ಗೆ ಆಕ್ಕಂಡು ಮುದ್ದೆ ಉಣ್ತೀನಿ ಕಣ್ರೀ." ಜ್ವರ ಬಿಟ್ಟ ಮೇಲೆ ಆಕೆ ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಸಂತೋಷದಲ್ಲಿ ನನಗೆ ಉಣ್ಣುವ ಮಾತು ಕೇಳಿಸಿತೇ ಹೊರತು ಕುಯ್ಯುವ ಮಾತು ತಲೆಗೆ ಹೋಗಲಿಲ್ಲ.

ಅದು ನಮ್ಮಲ್ಲಿ ಹೊಗೆಸೊಪ್ಪು ನಾಟಿಯ ಕಾಲ. ಟ್ರೇಯಲ್ಲಿ ಪೈರು ಎದ್ದಿತೆಂದರೆ ಅದರ ದಾರಿ ಹೊಲಕ್ಕೇ. ನಲವತ್ತು ವರ್ಷದಿಂದ ನನ್ನ ಕೈ ಕಲಿತಿರುವುದು ಅದೊಂದನ್ನೇ. ಸುತ್ತಲಿನ ನಾಲ್ಕು ಹಳ್ಳಿಯವರು ತಮ್ಮ ಪೈರನ್ನು ನನಗೆ ತೋರಿಸಿ ನಾಟಿಗೆ ಹೊರಡುತ್ತಾರೆ. ಅಂಥವನ ಮನೆಯ ಕಿಟಕಿಯಲ್ಲಿ ಸಬ್ಬಸಿಗೆ ಪೈರು ಒಂದರ ಮೇಲೊಂದು ಒತ್ತಿಕೊಂಡು, ಬಿಸಿಲಿಗೆ ಕತ್ತು ಚಾಚಿ ನಿಂತಿರುವುದನ್ನು ಬೆಳಿಗ್ಗೆ ನೋಡಿ ನನಗೆ ತಡೆಯಲಾಗಲಿಲ್ಲ. ನೀಲಾಂಬಿಕೆ ಏಳುವ ಮೊದಲೇ ತಟ್ಟೆಯಿಂದ ಕಿತ್ತು ಹೊಲಕ್ಕೆ ಒಯ್ದು, ಗೇಣಿಗೊಂದರಂತೆ ಮುನ್ನೂರು ಪೈರು ನೆಟ್ಟು ಕೈಯಾರೆ ನೀರು ಹುಯ್ದೆ. ನಾಟಿಗೆ ಬಂದಿದ್ದ ಸುಂದ್ರಮ್ಮ, ಇದು ಅಮ್ಮಾವ್ರು ತಿನ್ನೋಕೆ ಇಟ್ಟಿದ್ದಲ್ಲವೇ ಎಂದು ಎರಡು ಸಲ ಕೇಳಿದಳು. ನಾಲ್ಕೆಳೆ ತಿನ್ನುವ ಬದಲು ನಿನ್ನ ಅಮ್ಮಾವ್ರು ವರ್ಷವೆಲ್ಲ ತಿನ್ನಲಿ ಎಂದು ನಾನು ದೊಡ್ಡ ಮಾತಾಡಿದೆ.

ಮನೆಗೆ ಬಂದಾಗ ನೀಲಾಂಬಿಕೆ ಕತ್ತರಿ ಹಿಡಿದು, ನಾನು ತೊಳೆದು ಬೋರಲು ಹಾಕಿದ್ದ ತಟ್ಟೆಯ ಮುಂದೆ ನಿಂತಿದ್ದಳು. ಒಲೆಯ ಮೇಲೆ ಉಪ್ಸಾರು ಕುದಿಯುತ್ತಿತ್ತು. "ಬಾಯ್‌ಗೆ ಬರೋ ಒತ್ಗೆ ಮಣ್ಗೆ ಆಕ್ಬುಟ್ರಲ್ಲ," ಎಂದಳು. ಅಂದಿಗೆ ಮಾತು ನಿಂತಿತು, ಇವತ್ತಿಗೆ ಒಂಬತ್ತು ದಿನ. ನನಗೆ ಹೇಳಬೇಕಾದ್ದನ್ನು ಚೈತ್ರಳಿಗೆ ಫೋನು ಮಾಡಿ ಹೇಳುತ್ತಾಳೆ, ಚೈತ್ರ ನನಗೆ ಫೋನು ಮಾಡುತ್ತಾಳೆ. ಸ್ನಾನಕ್ಕೆ ನೀರು ಕಾದಿದೆಯೆಂಬ ಸುದ್ದಿ ನನಗೆ ಕೆ.ಆರ್. ನಗರದಿಂದ ತಲುಪುತ್ತಿದೆ. ಪೈರೆಲ್ಲ ಅಂದು ಮಧ್ಯಾಹ್ನವೇ ಮಲಗಿದವು, ಹನ್ನೊಂದು ಮಾತ್ರ ಉಳಿದವು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ತಮ್ಮ ಆರು ಬಣ್ಣದ ಕರಪತ್ರದಲ್ಲಿ ಎಲ್ಲವೂ ಇದೆ, ನಾಟಿ ಮಾಡಬಾರದೆಂಬ ಒಂದು ಮಾತು ಮಾತ್ರ ಇಲ್ಲ. ಇನ್ನು ಮುಂದೆ ಹುಣಸೂರು, ಪಿರಿಯಾಪಟ್ಟಣದ ಕಡೆಗೆ ಬರುವ ಪೆಟ್ಟಿಗೆಗಳ ಮೇಲೆ 'ಹೊಗೆಸೊಪ್ಪಿನವರು ಮುಟ್ಟಬಾರದು' ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಸಾಧ್ಯವಾದರೆ, ಕಿತ್ತು ನೆಡಲು ಹೋದವನ ಕೈ ಕಚ್ಚುವಂಥ ಸಬ್ಬಸಿಗೆ ತಳಿಯೊಂದನ್ನು ಕಂಡುಹಿಡಿಯಬೇಕು. ಅದು ತಡವಾಗುವುದಾದರೆ, ತಮ್ಮ ಹಿರಿಯ ಅಧಿಕಾರಿಯೊಬ್ಬರನ್ನು ಮೊದಲನೇ ಬಸ್ಸಿಗೇ ಕಳಿಸಿ, ತಪ್ಪೆಲ್ಲ ಕಂಪನಿಯದೆಂದು ನೀಲಾಂಬಿಕೆಯ ಎದುರು ಒಪ್ಪಿಸಬೇಕು. ಅವರಿಗೆ ಬಿಸಿ ಮುದ್ದೆಯ ಊಟ ನನ್ನ ಜವಾಬ್ದಾರಿ, ಬಡಿಸುವವರು ಮಾತಾಡುವ ಭರವಸೆ ಮಾತ್ರ ಕೊಡಲಾರೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಂಠಪ್ಪ

ಮರೆತ ಮಾತು: ಇದು ನಕಲು ಮಾಡಿದವಳು ಸೇರಿಸಿದ್ದು. ಮಾನ್ಯರೇ, ನಾಟಿ ಮಾಡಬಾರದೆಂದು ತಮ್ಮ ಕರಪತ್ರದ ನಾಲ್ಕನೇ ಸಾಲಿನಲ್ಲೇ ಇದೆ. ಇವರು ಅದನ್ನು ಓದದೆ ಮಡಿಚಿ ಅಲ್ಲಾಡುವ ಮಂಚದ ಕಾಲಿನಡಿ ಕೊಟ್ಟಿದ್ದರು, ನಿನ್ನೆ ಗುಡಿಸುವಾಗ ಸಿಕ್ಕಿತು. ಬಸ್ಸಿಗೆ ಯಾರೂ ಬರುವುದು ಬೇಡ. ಇನ್ನೊಂದು ಪೆಟ್ಟಿಗೆ ಕಳಿಸಿ, ಬೀಗವಿರುವುದಾದರೆ ಒಳ್ಳೆಯದು. ನಿನ್ನೆ ರಾತ್ರಿ ಇವರು ಉಳಿದ ಆ ಹನ್ನೊಂದು ಎಳೆಯನ್ನು ತೊಳೆದು ತಂದು ನನ್ನ ತಟ್ಟೆಯ ಅಂಚಿನಲ್ಲಿಟ್ಟು, ತಲೆ ತಗ್ಗಿಸಿಕೊಂಡು ಜಗುಲಿಗೆ ಹೋದರು. ನಾನು ಅರ್ಧ ಮುದ್ದೆ ಉಂಡೆ. ಅದನ್ನು ಇವರಿಗೆ ಹೇಳಿಲ್ಲ. ಪತ್ರಿಕೆಯನ್ನಾದರೆ ಒಂದಕ್ಷರ ಬಿಡದೆ ಓದುತ್ತಾರೆ, ಓದಿಯೇ ತಿಳಿದುಕೊಳ್ಳಲಿ.